ನೀಲಿಯಾಗದ ಆರು ಬಟ್ಟಲು

2022ರ ಡಿಸೆಂಬರ್. ಶನಿವಾರಸಂತೆ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಹಿರಿಯ ಆರೋಗ್ಯ ನಿರೀಕ್ಷಣಾಧಿಕಾರಿಯಾಗಿದ್ದೆ. ಹುದ್ದೆಯ ಹೆಸರು ಇಷ್ಟು ಉದ್ದವಿದ್ದರೂ ಜನರ ಬಾಯಲ್ಲಿ ನಾನು ಬರೀ ಇನ್ಸ್‌ಪೆಕ್ಟ್ರು, ಹಳಬರ ಬಾಯಲ್ಲಿ ಸೊಳ್ಳೆ ಇನ್ಸ್‌ಪೆಕ್ಟ್ರು. ನಿವೃತ್ತಿಗೆ ಹದಿನೇಳು ತಿಂಗಳು ಬಾಕಿ ಇತ್ತು. ಬೈಕಿನ ಬಾಕ್ಸಿನಲ್ಲಿ ಬ್ಲೀಚಿಂಗ್ ಪುಡಿ, ರಕ್ತಪರೀಕ್ಷೆಯ ಸ್ಲೈಡುಗಳು, ಒಂದು ಟಾರ್ಚು ಸದಾ ಇರುತ್ತಿದ್ದವು. ಆ ತಿಂಗಳು ಒಂದು ಹಳೆಯ ಬೀಗವೂ ಇತ್ತು. ಕೇಂದ್ರದ ಸ್ಟೋರ್ ರೂಮಿಗೆ ಹೊಸ ಬೀಗ ತಂದಿದ್ದೆ, ಹಳೆಯದನ್ನು ಬಾಕ್ಸಿಗೆ ಹಾಕಿ ಮರೆತಿದ್ದೆ. ನನ್ನ ಸೇವಾ ಪುಸ್ತಕದಲ್ಲಿರುವ ಒಂದೇ ಒಂದು ಕಪ್ಪು ಗುರುತಿಗೆ ಆ ಬೀಗ ಕಾರಣ. ಅದರ ಬಗ್ಗೆ ನನಗೆ ಕಿಂಚಿತ್ತೂ ಬೇಸರವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕೇಂದ್ರದ ವ್ಯಾಪ್ತಿಯ ಒಂದು ಊರಿನಲ್ಲಿ ಮೂರು ವರ್ಷಕ್ಕೊಮ್ಮೆ ಅಮ್ಮನ ಕೂಡುಪೂಜೆ ನಡೆಯುತ್ತದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ನನಗೆ ಈಗಲೂ ಕಾಫಿ ಕೊಡುವ ಮನೆಗಳಿವೆ, ಕೊಡದ ಮನೆಗಳೂ ಇವೆ. ಸುತ್ತಲ ಹದಿನೆಂಟು ಊರು ಆ ಅಮ್ಮನ ಒಕ್ಕಲು. ಹಿಂದಿನ ದಿನ ಸಂಜೆಯಿಂದ ಅಷ್ಟೂ ಊರುಗಳಲ್ಲಿ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಮರುದಿನ ಪ್ರತಿ ಮನೆಯವರೂ ಒಂದು ಸೇರು ಅಕ್ಕಿ ತಂದು ಗುಡಿಯ ಮುಂದಿನ ಚಾಪೆಯ ಮೇಲೆ ಸುರಿಯುತ್ತಾರೆ. ಆ ರಾಶಿಯ ಅಕ್ಕಿ ಗುಡಿಯ ಎದುರಿನ ಬಾವಿಯ ನೀರಿನಲ್ಲಿ ಬೇಯುತ್ತದೆ. ಆ ಅನ್ನ ಉಂಡ ಮೇಲೆಯೇ ಮನೆಗೆ ಹೋಗಿ ಒಲೆ ಹಚ್ಚುವುದು. ಕುಶಾಲನಗರದಿಂದ ಬಸ್ಸು, ಸೋಮವಾರಪೇಟೆಯಿಂದ ಜೀಪು, ಹಳ್ಳಿಗಳಿಂದ ಟ್ರಾಕ್ಟರು, ಎಲ್ಲ ಸೇರಿ ಎಂಟು ಸಾವಿರ ಜನ ಆಗುತ್ತಾರೆಂದು ಸಮಿತಿಯವರ ಅಂದಾಜು. ಮೊದಲ ಸಲ ನೋಡಿದಾಗ ನನಗೆ ನಿಜಕ್ಕೂ ಮೈ ಜುಂ ಎಂದಿತ್ತು. ಎಸ್ಟೇಟಿನ ಯಜಮಾನರ ಪಕ್ಕದಲ್ಲೇ ಅವರ ಲೈನ್ ಮನೆಯ, ಅಂದರೆ ಕೂಲಿಗಳ ಸಾಲುಮನೆಯ, ಆಳು ಎಲೆ ಹಾಕಿಕೊಂಡು ಕೂರುವ ಪಂಕ್ತಿ ಅದು.

ಅಲ್ಲಿ ನನ್ನ ಕೆಲಸ ಮೂರು: ಬಾವಿಯ ನೀರು ಪರೀಕ್ಷಿಸಿ ಕ್ಲೋರಿನ್ ಹಾಕುವುದು, ಅಡುಗೆಯವರ ಕೈ, ಪಾತ್ರೆ ನೋಡುವುದು, ಕೊನೆಗೆ ‘ನೀರು ಕುಡಿಯಲು ಯೋಗ್ಯ’ ಎಂಬ ಪತ್ರ ಬರೆದು ಸಮಿತಿಗೆ ಕೊಡುವುದು. ಸಮಿತಿಯ ಅಧ್ಯಕ್ಷರು ವಿಶ್ವನಾಥಪ್ಪನವರು. ಗುಡಿಯ ಮೇಲ್ಭಾಗದ ಅರೇಬಿಕಾ ಕಾಫಿ ತೋಟ ಅವರದು. ಬಾವಿ ತೋಡಿಸಿದವರು ಅವರ ತಂದೆ. ಕಟ್ಟೆಯ ಮೇಲೆ ಹೆಸರಿನ ಕಲ್ಲಿದೆ. ಬೇಸಿಗೆಯಲ್ಲೂ ಬತ್ತಬಾರದೆಂದು ಪಕ್ಕದ ಹಳ್ಳದಿಂದ ಬಾವಿಯೊಳಕ್ಕೆ ನೆಲದಡಿ ಒಂದು ಪೈಪನ್ನೂ ತಂದೆಯವರೇ ಹಾಕಿಸಿದ್ದರು. ವಿಶ್ವನಾಥಪ್ಪನವರು ಕೆಟ್ಟವರಲ್ಲ. ಕೂಡುಪೂಜೆಗೆಂದು ಕೂಲಿಯವರಿಗೆಲ್ಲ ಸಂಬಳ ಸಮೇತ ಎರಡು ದಿನ ರಜೆ ಕೊಡುವ ಎಸ್ಟೇಟು ಆ ಕಡೆ ಅದೊಂದೇ. ಆದರೆ ಅವರಿಗೆ ಇಲ್ಲ ಎಂಬ ಮಾತು ಕೇಳಿ ಅಭ್ಯಾಸವಿರಲಿಲ್ಲ. ನನಗೂ ಹೇಳಿ ಅಭ್ಯಾಸವಿರಲಿಲ್ಲ.

ಇದಕ್ಕೆ 2019ರ ಕಥೆ ಹೇಳಬೇಕು. ಆ ವರ್ಷದ ಕೂಡುಪೂಜೆಯ ಮರುದಿನದಿಂದ ನಮ್ಮ ಕೇಂದ್ರಕ್ಕೆ ವಾಂತಿಭೇದಿಯವರು ಬರತೊಡಗಿದರು. ಮೂರು ದಿನದಲ್ಲಿ ಅರವತ್ತೆರಡು ಮಂದಿ. ಅವರಲ್ಲಿ ಒಬ್ಬಳು ಮುನಿಯಮ್ಮ. ವಿಶ್ವನಾಥಪ್ಪನವರ ಲೈನ್ ಮನೆಯವಳು, ಕಾಫಿ ಪಿಕಿಂಗಿನಲ್ಲಿ ಅವಳ ಕೈಗೆ ಸಮನಾದ ಕೈ ಇರಲಿಲ್ಲವಂತೆ. ಅವಳ ಮೈನೀರೆಲ್ಲ ಹೋಗಿ ಕಣ್ಣು ಒಳಗೆ ಸೇರಿಬಿಟ್ಟಿತ್ತು. ಮಡಿಕೇರಿಗೆ ಸಾಗಿಸಿದೆವು. ಬದುಕಿ ಬಂದಳು. ಆದರೆ ಕಿಡ್ನಿಗೆ ಪೆಟ್ಟಾಗಿತ್ತು. ಆಮೇಲೆ ಅವಳು ಗುಡ್ಡ ಹತ್ತಿ ಕಾಫಿ ಕೊಯ್ಯಲಿಲ್ಲ, ಕಣ ಗುಡಿಸುವ ಕೆಲಸಕ್ಕೆ ಹಾಕಿದರು.

ಹೀಗೆ ಒಟ್ಟಿಗೆ ಅರವತ್ತೆರಡು ಜನ ಬಂದರೆ ನಿರೀಕ್ಷಕನಾದವನು ಮೊದಲು ಓಡಬೇಕಾದದ್ದು ಬಾವಿಗೆ. ನಾನು ಓಡಿದ್ದು ವಿಶ್ವನಾಥಪ್ಪನವರ ಮನೆಗೆ. ಅವರು ಹೇಳಿ ಕಳಿಸಿದ್ದರು. ಜಗಲಿಯಲ್ಲಿ ಕೂರಿಸಿ, ಒಳ್ಳೆ ಕಾಫಿ ಕೊಟ್ಟು, “ಉಪವಾಸ ಇದ್ದು ಒಂದೇ ಸಲ ಮೂಗಿನ ಮಟ್ಟ ತಿಂತಾರೆ, ಹೊಟ್ಟೆ ಕೆಡದೆ ಇರುತ್ತಾ? ಅಮ್ಮನ ಬಾವಿ ಹೆಸರು ಕೆಡಿಸಬೇಡಿ” ಎಂದರು. ನಾನು ಕೇಂದ್ರಕ್ಕೆ ಬಂದು ಸಾಂಕ್ರಾಮಿಕ ರೋಗಗಳ ವಹಿಯಲ್ಲಿ ಬರೆದೆ: ‘ಆಹಾರದ ವ್ಯತ್ಯಾಸದಿಂದ ವಾಂತಿಭೇದಿ. ಬಾವಿ ನೀರು ಪರೀಕ್ಷಿಸಲಾಗಿದೆ, ಕುಡಿಯಲು ಯೋಗ್ಯ.’ ಪರೀಕ್ಷೆ ಮಾಡಿದ್ದು ಪೂಜೆಯ ಹಿಂದಿನ ದಿನ. ಜನ ಕಾಯಿಲೆ ಬಿದ್ದ ಮೇಲೆ ಒಂದು ಲೋಟ ನೀರನ್ನೂ ನಾನು ಮೇಲೆತ್ತಿ ನೋಡಿರಲಿಲ್ಲ. ಕೆಳಗೆ ಸಹಿ ಹಾಕಿ ಮನೆಗೆ ಹೋಗಿ ಊಟ ಮಾಡಿದೆ.

ಮೂರು ವರ್ಷದ ನಂತರ, 2022ರ ಪೂಜೆಯ ಹಿಂದಿನ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಬಾವಿಯ ಹತ್ತಿರ ಪೆಟ್ಟಿಗೆ ಬಿಚ್ಚಿದೆ. ಇದು ಹಾರಕ್ಸ್ ಪರೀಕ್ಷೆಯ ಪೆಟ್ಟಿಗೆ. ಅದರಲ್ಲಿ ಒಂದು ಕಪ್ಪು ಬಟ್ಟಲು, ಆರು ಬಿಳಿ ಬಟ್ಟಲು. ಕಪ್ಪು ಬಟ್ಟಲಿನಲ್ಲಿ ಬ್ಲೀಚಿಂಗ್ ಪುಡಿಯ ದ್ರಾವಣ ಮಾಡಿಕೊಳ್ಳಬೇಕು. ಬಿಳಿ ಬಟ್ಟಲುಗಳಿಗೆ ಬಾವಿಯ ನೀರು ತುಂಬಿ ಒಂದನೆಯದಕ್ಕೆ ಆ ದ್ರಾವಣದ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರನೆಯದಕ್ಕೆ ಆರು ಹನಿ ಹಾಕಿ ಅರ್ಧ ಗಂಟೆ ಕಾಯಬೇಕು. ಆಮೇಲೆ ಎಲ್ಲದಕ್ಕೂ ಪಿಷ್ಟ ಮತ್ತು ಅಯೋಡೈಡ್ ಬೆರೆತ ಸೂಚಕ ದ್ರವ ಮೂರು ಮೂರು ಹನಿ. ನೀರಿನ ಕೊಳೆಯನ್ನೆಲ್ಲ ತೀರಿಸಿ ಇನ್ನೂ ಕ್ಲೋರಿನ್ ಉಳಿದಿದ್ದರೆ ಬಟ್ಟಲು ನೀಲಿಯಾಗುತ್ತದೆ. ಎಷ್ಟನೆಯ ಬಟ್ಟಲು ಮೊದಲು ನೀಲಿಯಾಯಿತೋ ಎರಡು ಗ್ರಾಮಿನ ಅಷ್ಟು ಚಮಚ ಪುಡಿ, ನೂರು ಗ್ಯಾಲನ್ ನೀರಿಗೆ, ಅಂದರೆ ನಾನೂರ ಐವತ್ತೈದು ಲೀಟರಿಗೆ. ಲೆಕ್ಕ ಇಷ್ಟೇ.

ಆ ದಿನ ಮೂರನೆಯ ಬಟ್ಟಲು ನೀಲಿಯಾಯಿತು. ಹಳ್ಳದ ಪಕ್ಕದ ಬಾವಿಗೆ ಅದು ಸರಿಯಾದ ಉತ್ತರವೇ. ಬಾವಿಯ ಅಗಲ ಮೂರು ಮೀಟರ್, ನೀರಿನ ಆಳ ನಾಲ್ಕು, ಒಟ್ಟು ಸುಮಾರು ಇಪ್ಪತ್ತೆಂಟು ಸಾವಿರ ಲೀಟರ್. ಮುನ್ನೂರ ಎಪ್ಪತ್ತು ಗ್ರಾಮ್ ಪುಡಿ ಸಾಕಿತ್ತು. ಧಾರಾಳವಾಗಿ ನಾನೂರು ಗ್ರಾಮ್ ಕಲಸಿ ತಿಳಿಯನ್ನು ಬಾವಿಗೆ ಬಿಟ್ಟೆ. ಕಟ್ಟೆಯ ಬಳಿ ಅಂಗಳ ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿ ನೋಡುತ್ತಿದ್ದಳು. ಮುನಿಯಮ್ಮ. ನಾನು ಗುರುತು ಹಿಡಿಯಲು ತಡವಾಯಿತು, ಅಷ್ಟು ಸೊರಗಿದ್ದಳು.

“ಈ ವರ್ಷಾನೂ ಅದೇ ತಣ್ಣಿನಾ ಸಾರ್?” ಎಂದು ಕೇಳಿದಳು. ಮನೆಮಾತು ತಮಿಳು, ನೀರಿಗೆ ಅವಳು ತಣ್ಣಿ ಎಂದೇ ಅನ್ನುವುದು.

“ಔಷಧಿ ಹಾಕಿದೀನಿ ಮುನಿಯಮ್ಮ.”

“ಆ ವರ್ಷಾನೂ ಹಾಕಿದ್ರಿ,” ಎಂದು ಮತ್ತೆ ಗುಡಿಸತೊಡಗಿದಳು. ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಪೂಜೆಯ ದಿನ ಆರೂವರೆಗೆ ನಾನು ಬಾವಿಯ ಬಳಿ ಇದ್ದೆ. ಮಂಜು ಇನ್ನೂ ಕರಗಿರಲಿಲ್ಲ. ಅದಾಗಲೇ ಸಾವಿರ ಜನ ಸೇರಿದ್ದರು, ಅಕ್ಕಿಯ ರಾಶಿ ಸೊಂಟದೆತ್ತರ ಬೆಳೆದಿತ್ತು. ಬಾವಿಗೆ ಕ್ಲೋರಿನ್ ಹಾಕಿದ ಮೇಲೆ ನೀರಿನಲ್ಲಿ ಸ್ವಲ್ಪವಾದರೂ ಉಳಿದಿರಬೇಕು. ಅದನ್ನು ನೋಡಲು ಕ್ಲೋರೋಸ್ಕೋಪ್ ಎಂಬ ಪುಟ್ಟ ಸಾಧನವಿದೆ. ಕೊಳವೆಗೆ ನೀರು ಹಾಕಿ ದ್ರವ ಬೆರೆಸಿದರೆ ಹಳದಿ ಬರಬೇಕು. ಬರಲಿಲ್ಲ. ದ್ರವ ಹಳೆಯದಾಯಿತೇನೋ ಎಂದು ಹೊಸ ಬಾಟಲಿ ಒಡೆದೆ. ಆಗಲೂ ಇಲ್ಲ. ನಾನೂರು ಗ್ರಾಮ್ ಪುಡಿ ಹದಿನಾಲ್ಕು ಗಂಟೆಯಲ್ಲಿ ಎಲ್ಲಿ ಹೋಯಿತು? ಕೊಳವೆಯನ್ನು ಮೂಗಿನ ಹತ್ತಿರ ಹಿಡಿದೆ. ಸಣ್ಣಗೆ ಹುಳಿ. ಬೆಳಕಿಗೆ ಹಿಡಿದೆ. ಬಣ್ಣ, ಎರಡನೇ ಸಲ ಸೋಸಿದ ಚಹಾದಷ್ಟು. ಆ ಹುಳಿವಾಸನೆ ಆ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಡಿಸೆಂಬರಿನಲ್ಲಿ ಎಲ್ಲ ತೋಟದಿಂದಲೂ ಬರುತ್ತದೆ. ಬಾವಿಯಿಂದ ಬರಬಾರದಷ್ಟೆ.

ಅದು ಪಲ್ಪರ್ ನೀರು. ಕೊಯ್ದ ಅರೇಬಿಕಾ ಹಣ್ಣನ್ನು ಅದೇ ದಿನ ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ಸುಲಿದು ತೊಳೆಯಬೇಕು, ಇಟ್ಟರೆ ಕೆಡುತ್ತದೆ. ತೊಳೆದ ನೀರು ಸಿಹಿ, ಲೋಳೆ, ಕಂದು. ಅದನ್ನು ಗುಂಡಿಯಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಇಂಗಿಸಬೇಕು, ಹಳ್ಳಕ್ಕೆ ಬಿಡಕೂಡದು. ಅದು ಸೇರಿದ ನೀರಿಗೆ ಎಷ್ಟು ಕ್ಲೋರಿನ್ ಸುರಿದರೂ ಅದೇ ನುಂಗಿಬಿಡುತ್ತದೆ, ರೋಗಾಣುವಿಗೆ ಏನೂ ಉಳಿಯುವುದಿಲ್ಲ.

ಏಳು ಗಂಟೆ ಹತ್ತು ನಿಮಿಷಕ್ಕೆ ಬಾವಿಕಟ್ಟೆಯ ಮೇಲೆ ಆರು ಬಟ್ಟಲು ಜೋಡಿಸಿ ಹನಿ ಹಾಕಿದೆ. ಅರ್ಧ ಗಂಟೆ ಕಾಯಬೇಕು, ಅಷ್ಟರಲ್ಲಿ ಹಳ್ಳದ ಮೇಲಕ್ಕೆ ಹೋಗಿ ಬರಬೇಕು. ಸುತ್ತ ಜನ, ಮಕ್ಕಳು. ಬಟ್ಟಲು ಯಾರ ವಶಕ್ಕೆ ಕೊಡಲಿ? ಗೋಡೆಗೆ ಒರಗಿ ಮುನಿಯಮ್ಮ ಕೂತಿದ್ದಳು, ಪಕ್ಕದಲ್ಲಿ ಲೈನ್ ಮನೆಯಿಂದ ತಂದ ನೀರಿನ ಬಾಟಲಿ. “ಯಾರೂ ಮುಟ್ಟದ ಹಾಗೆ ನೋಡ್ಕೋ,” ಎಂದೆ. ಅವಳು ಎದ್ದು ಬಂದು ಕಟ್ಟೆಗೆ ಬೆನ್ನು ಕೊಟ್ಟು ನಿಂತಳು.

ಎಸ್ಟೇಟಿನ ರೈಟರ್ ಲೋಕೇಶನನ್ನು ಜೊತೆಗೆ ಕರೆದುಕೊಂಡೆ. ರೈಟರ್ ಎಂದರೆ ತೋಟದಲ್ಲಿ ಆಳುಗಳ ಹಾಜರಿ, ಕೊಯ್ಲಿನ ತೂಕ ಬರೆಯುವವನು. ಹಳ್ಳದ ಗುಂಟ ಅರ್ಧ ಕಿಲೋಮೀಟರಿಗೂ ಹೆಚ್ಚು ಏರಿದೆವು. ಮೇಲೆ ಹೋದಷ್ಟೂ ನೀರು ಕಂದು, ಕಲ್ಲುಗಳ ಸಂದಿಯಲ್ಲಿ ನೊರೆ.

“ನಿನ್ನೆ ಪಲ್ಪರ್ ಎಷ್ಟು ಹೊತ್ತು ಓಡಿತು?” ಎಂದು ಕೇಳಿದೆ.

ಲೋಕೇಶ ಒಳ್ಳೆಯ ಹುಡುಗ, ಸುಳ್ಳು ಹೇಳಲು ಬರುವುದಿಲ್ಲ. “ಎಂಟೂವರೆ ತನಕ ಸಾರ್. ಎರಡ್ ದಿನ ರಜ ಅಲ್ವಾ? ಇವತ್ತು ನಾಳೆ ಕೊಯ್ಲು ಇಲ್ಲ ಅಂತ ಹಣ್ಣಾಗಿದ್ದೆಲ್ಲ ನಿನ್ನೆನೇ ಕೊಯ್ಸಿದ್ವಿ. ಎರಡರಷ್ಟು ಹಣ್ಣು. ಬೇಗ ಮುಗಿಸಿ ಎಲ್ರೂ ಪೂಜೆಗೆ ಹೋಗ್ಲಿ ಅಂತ ಸಾಹುಕಾರ್ರೇ ನಿಂತು ಮಾಡ್ಸಿದ್ರು.”

ಗುಂಡಿ ಇದ್ದದ್ದು ಒಂದು ದಿನದ ನೀರಿಗೆ. ಎರಡು ದಿನದ್ದು ಒಂದೇ ಸಂಜೆ ಬಂದಾಗ ಕೆಳಬದಿಯ ಮಣ್ಣಿನ ಏರಿ ಒಡೆದಿತ್ತು. ಒಡೆದ ನೀರು ಲೈನ್ ಮನೆಗಳ ಪಾಯಿಖಾನೆ ಗುಂಡಿಗಳ ಮೇಲೆ ಹರಿದು, ಅಲ್ಲಿದ್ದದ್ದನ್ನೂ ಕಟ್ಟಿಕೊಂಡು ಹಳ್ಳಕ್ಕೆ ಇಳಿದಿತ್ತು. ಹಳ್ಳದಿಂದ ಆ ಪೈಪು, ಪೈಪಿನಿಂದ ಬಾವಿ. ಏರಿಯ ಪಕ್ಕದಲ್ಲಿ ಹಳೆಯ ಒಡಕೊಂದನ್ನು ಕಲ್ಲುಮಣ್ಣು ಹಾಕಿ ಮುಚ್ಚಿದ ಗುರುತಿತ್ತು. ಯಾವಾಗಿನದೆಂದು ಕೇಳಿದೆ. “ಹೋದ ಪೂಜೇಲೂ ಹಿಂಗೇ ಒಡೆದಿತ್ತು ಸಾರ್,” ಎಂದ ಲೋಕೇಶ. ಅವನಿಗೆ ಅದು ಏರಿಯ ಸುದ್ದಿ. ನನಗೆ ಅದು ಅರವತ್ತೆರಡು ಜನರ ಸುದ್ದಿ. ಆಳುಗಳೆಲ್ಲ ಅಮ್ಮನ ಊಟಕ್ಕೆ ಹೋಗಲಿ ಎಂಬ ಭಕ್ತಿಯಿಂದಲೇ ಎರಡು ಸಲವೂ ಅಮ್ಮನ ಬಾವಿ ಕೆಟ್ಟಿತ್ತು. ಮೊದಲ ಸಲ ಅದನ್ನು ಕಾಗದದಲ್ಲಿ ತೊಳೆದವನು ನಾನು.

ಏಳು ನಲವತ್ತೈದಕ್ಕೆ ಬಾವಿಗೆ ಮರಳಿದೆ. ಆಗಲೇ ಪಂಪು ಹಾಕಿ ಎರಡು ಕೊಪ್ಪರಿಗೆಗೆ ನೀರು ತುಂಬಿದ್ದರು. ಕಟ್ಟೆಯ ಸುತ್ತ ಜನ ಮುತ್ತಿದ್ದರು, ನಡುವೆ ಮುನಿಯಮ್ಮ ಅಲ್ಲಾಡದೆ ನಿಂತಿದ್ದಳು. ಸೂಚಕ ದ್ರವ ಬಿಟ್ಟೆ. ಒಂದನೆಯ ಬಟ್ಟಲು ಬಣ್ಣ ಬದಲಿಸಲಿಲ್ಲ. ಎರಡು, ಮೂರು, ನಾಲ್ಕು, ಇಲ್ಲ. ಐದು ಇಲ್ಲ. ಆರನೆಯದನ್ನು ಗಾಜಿನ ಕಡ್ಡಿಯಿಂದ ಮತ್ತೆ ಮತ್ತೆ ಕಲಕಿದೆ. ಮೂವತ್ತೊಂದು ವರ್ಷದ ಸೇವೆಯಲ್ಲಿ ಆರಕ್ಕೆ ಆರೂ ನೀಲಿಯಾಗದೆ ಉಳಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ವಿಶ್ವನಾಥಪ್ಪನವರು ರೇಷ್ಮೆ ಪಂಚೆಯಲ್ಲಿ ಬಂದರು. “ಏನ್ರೀ ಇನ್ಸ್‌ಪೆಕ್ಟ್ರೇ, ಒಲೆಗೆ ಬೆಂಕಿ ಹಾಕೋ ಹೊತ್ತಲ್ಲಿ ಬಟ್ಟಲಾಟ ಆಡ್ತಾ ಕೂತಿದೀರ?”

ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಏರಿ ಒಡೆದದ್ದು, ಪಾಯಿಖಾನೆ ಗುಂಡಿ, ಪೈಪು, ಬಟ್ಟಲು. ಈ ನೀರು ಅಡುಗೆಗೂ ಬೇಡ, ಕುಡಿಯಲೂ ಬೇಡ ಎಂದೆ.

“ಕುದಿಸ್ತೀವಲ್ರೀ. ಕುದ್ದ ಮೇಲೆ ಎಂಥ ಹುಳ ಉಳಿಯುತ್ತೆ?”

ನ್ಯಾಯವಾದ ಪ್ರಶ್ನೆಯೇ. “ಅನ್ನ ಕುದಿಸ್ತೀರಿ. ಮಜ್ಜಿಗೆ ಕುದಿಸ್ತೀರಾ? ಪಾನಕ? ತೀರ್ಥ? ಎಲೆ ತೊಳೆಯೋ ನೀರು, ಎಂಟು ಸಾವಿರ ಜನ ಕುಡಿಯೋ ನೀರು, ಅದನ್ನೆಲ್ಲ ಯಾವ ಒಲೆ ಮೇಲೆ ಇಡ್ತೀರಿ?”

ಅವರ ಮುಖ ಕೆಂಪಾಯಿತು. “ನೀವು ಕುಶಾಲನಗರದ ಕಡೆಯೋರು, ನಿಮ್ಮ ತಾತ ಹಾಸನದಿಂದ ಬಂದು ಗದ್ದೆ ಮಾಡಿದೋರು. ನಿಮಗೆ ಈ ಅಮ್ಮನ ವಿಚಾರ ಏನು ಗೊತ್ತು? ಇದು ನಮ್ಮಪ್ಪ ತೋಡಿಸಿದ ಬಾವಿ. ನಲವತ್ತೆಂಟು ವರ್ಷದಲ್ಲಿ ಒಬ್ಬನೂ ಇದರ ಮೇಲೆ ಬಾಯಿ ಬಿಟ್ಟಿಲ್ಲ.”

“ಅಮ್ಮನ ವಿಚಾರ ನನಗೆ ಗೊತ್ತಿಲ್ಲ. ಬಾವಿ ವಿಚಾರ ಗೊತ್ತು,” ಎಂದೆ. “ಮೂರು ವರ್ಷದ ಹಿಂದೆ ಅರವತ್ತೆರಡು ಜನ ಬಾಯಿ ಬಿಟ್ಟಿದ್ರು. ಮುಚ್ಚಿದ್ದು ನಾನು. ಸುಳ್ಳು ಬರೆದು ಮುಚ್ಚಿದೆ. ಈ ಸಲ ಬರೆಯಲ್ಲ.”

ಎಂಟು ಹತ್ತು ಊರಿನ ಜನ ಕೇಳಿಸಿಕೊಳ್ಳುತ್ತಿದ್ದರು. ಮುನಿಯಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ.

ನಮ್ಮ ವೈದ್ಯಾಧಿಕಾರಿಗೆ ಫೋನ್ ಮಾಡಿದೆ. ಕೆಲಸಕ್ಕೆ ಸೇರಿ ವರ್ಷವಾಗಿದ್ದ ಹೆಣ್ಣುಮಗಳು. “ನೀವು ಬರೆದು ಕೊಟ್ರೆ ನಾನೂ ಸಹಿ ಹಾಕ್ತೀನಿ ಧರ್ಮಪ್ಪನವರೇ,” ಎಂದರು. “ಆದ್ರೆ ಬಾವಿ ಮುಚ್ಚೋ ಅಧಿಕಾರ ನಮಗಿದ್ಯಾ?”

“ಅಧಿಕಾರ ಇದ್ಯೋ ಇಲ್ವೋ ಗೊತ್ತಿಲ್ಲ ಮೇಡಂ. ಬೀಗ ಇದೆ.”

ಬೈಕಿನ ಬಾಕ್ಸಿನಿಂದ ಆ ಹಳೆಯ ಬೀಗ ತಂದು ಬಾವಿಯ ಕಬ್ಬಿಣದ ಜಾಲರಿಗೆ ಹಾಕಿದೆ. ಪಂಪಿನ ಫ್ಯೂಸು ಕಿತ್ತು ಜೇಬಿಗೆ ಇಳಿಸಿದೆ. ಕೊಪ್ಪರಿಗೆಯ ನೀರು ಚೆಲ್ಲಿ ಎಂದು ಅಡುಗೆಯವರಿಗೆ ಹೇಳಿದೆ. ಯಾರೂ ಅಲುಗಲಿಲ್ಲ. ನಾನೇ ಬಕೆಟ್ ಹಿಡಿದು ಮೊಗೆದು ಮೊಗೆದು ಅಂಗಳಕ್ಕೆ ಸುರಿದೆ. ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಯಿತು. ಏಳೆಂಟು ಬಕೆಟ್ ಆದ ಮೇಲೆ ಅಡುಗೆಯವನೊಬ್ಬ ಇನ್ನೊಂದು ಬಕೆಟ್ ತಂದು ಜೊತೆಗೆ ನಿಂತ. ಬೀಗ ಒಡೆಯಿರಿ ಎಂದು ಹಿಂದಿನಿಂದ ಯಾರೋ ಕೂಗಿದರು. “ಒಡೀರಿ,” ಎಂದೆ. “ಒಡೆದವರ ಹೆಸರು ಬರ್ಕೊಳ್ತೀನಿ. ನಾಳೆ ಆಸ್ಪತ್ರೆಗೆ ಬರೋ ಒಬ್ಬೊಬ್ಬರ ಚೀಟಿ ಮೇಲೂ ಅದೇ ಹೆಸರು ಹಾಕ್ತೀನಿ.” ಕೂಗಿದವರು ಮುಂದೆ ಬರಲಿಲ್ಲ.

ನನಗೆ ಹೆದರಿಕೆಯಾಗಿರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಹದಿನೆಂಟು ಊರಿನವರು ಹಿಂದಿನ ಸಂಜೆಯಿಂದ ಉಂಡಿರಲಿಲ್ಲ, ಮಕ್ಕಳು ಅಳಲು ಶುರು ಮಾಡಿದ್ದವು. ಪಂಚಾಯಿತಿ ಬೋರ್‌ವೆಲ್ಲಿನ ಟ್ಯಾಂಕರ್ ತರಿಸಿ ಎಂದರೆ ಸಮಿತಿಯವರು ಒಪ್ಪಲಿಲ್ಲ. ಅಮ್ಮನ ಬಾವಿ ನೀರಿನಲ್ಲಿ ಬೇಯದಿದ್ದರೆ ಅದು ಕೂಡುಪೂಜೆಯ ಅನ್ನವೇ ಅಲ್ಲ, ಉಂಡರೂ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ ಎಂಬುದು ಅವರ ವಾದ. ಇದಕ್ಕೆ ನನ್ನ ಪೆಟ್ಟಿಗೆಯಲ್ಲಿ ಉತ್ತರವಿರಲಿಲ್ಲ.

ಉತ್ತರ ಗುಡಿಯೊಳಗಿಂದ ಬಂತು. ಪೂಜಾರಿ ಮನೆತನದ ಹಿರಿಯಜ್ಜಿ ಗಂಗಮ್ಮ, ಎಂಬತ್ತಕ್ಕೆ ಹತ್ತಿರ. ಕಟ್ಟುಪಾಡಿನ ವಿಷಯದಲ್ಲಿ ಹದಿನೆಂಟು ಊರೂ ಅವರ ಮಾತು ಕೇಳುತ್ತದೆ. ಅಜ್ಜಿ ಕೋಲೂರಿಕೊಂಡು ಬಂದು ಮೊದಲು ಬಟ್ಟಲುಗಳನ್ನು ನೋಡಿದರು. ಆಮೇಲೆ ಬಗ್ಗಿ, ಅಂಗಳದಲ್ಲಿ ಚೆಲ್ಲಿದ ನೀರಿಗೆ ಬೆರಳದ್ದಿ ಮೂಸಿದರು.

“ಪಲ್ಪರ್ ನೀರು ಕಣಪ್ಪ ಇದು,” ಎಂದರು. “ಅಮ್ಮಂಗೆ ಇದನ್ನ ಮೀಸಲು ಮಾಡ್ತಿದ್ರಾ?”

“ಬಾವಿ ಬಿಟ್ಟು ಬೇರೆ ನೀರಲ್ಲಿ ಬೇಯ್ಸಿದ್ದು ಉಂಟಾ ಅಜ್ಜಿ?” ಎಂದು ವಿಶ್ವನಾಥಪ್ಪನವರು ಕೇಳಿದರು. ಅವರ ದನಿ ಈಗ ಇಳಿದಿತ್ತು.

“ಉಂಟು. ನಾನು ಸೊಸೆಯಾಗಿ ಬಂದಾಗ ಈ ಬಾವಿನೇ ಇರ್ಲಿಲ್ಲ. ಅಕ್ಕಿ ತಂದಂಗೆ ಮನೆಗೊಂದು ಕೊಡ ನೀರೂ ತರ್ತಿದ್ವಿ. ನಾಕು ಕೂಡುಪೂಜೆ ಹಂಗೇ ಮಾಡಿದೀನಿ. ದೂರದಿಂದ ಹೊರೋ ಹೆಂಗಸ್ರ ಸೊಂಟ ನೋಡಕ್ಕಾಗ್ದೆ ನಿಮ್ಮಪ್ಪ ಬಾವಿ ತೋಡ್ಸಿದ. ಪುಣ್ಯಾತ್ಮ. ಬಾವೀಲೇ ಬೇಯ್ಬೇಕು ಅಂತ ಅವ ಯಾವತ್ತೂ ಹೇಳ್ಲಿಲ್ಲ, ಆಮೇಲೆ ನೀವು ನೀವೇ ಹೇಳ್ಕಂಡ್ರಿ.” ಅಷ್ಟು ಹೇಳಿ ಸೊಸೆಯನ್ನು ಕರೆದರು: “ಮನೆಗ್ ಹೋಗಿ ಒಂದ್ ಕೊಡ ತಗಂಬಾ.”

ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ಅಕ್ಕಿ ತಂದಿದ್ದ ಜೀಪು, ಟ್ರಾಕ್ಟರುಗಳು ಹತ್ತಿರದ ಊರುಗಳಿಗೆ ತಿರುಗಿದವು. ತಾಮ್ರದ ಕೊಡ, ಸ್ಟೀಲ್ ಕೊಡ, ಪ್ಲಾಸ್ಟಿಕ್ ಕೊಡ, ಒಬ್ಬಳು ಪ್ರೆಶರ್ ಕುಕ್ಕರಿನಲ್ಲೂ ತಂದಳು. ಕೆರೆಯ ನೀರು ಬೇಡ, ಹಳ್ಳದ್ದು ಬೇಡ, ಬೋರ್‌ವೆಲ್ ಅಥವಾ ಮೇಲ್ಬದಿಯ ಮನೆಬಾವಿಯದು ಮಾತ್ರ ಎಂದು ನಾನು ಗೇಟಿನಲ್ಲಿ ನಿಂತು ಕೇಳಿ ಕೇಳಿ ಒಳಗೆ ಬಿಟ್ಟೆ. ತೊಳೆದ ಎರಡು ದೊಡ್ಡ ಟ್ಯಾಂಕುಗಳಿಗೆ ಸುರಿಸಿ ಕ್ಲೋರಿನ್ ಹಾಕಿದೆ. ನಡುವೆ ಲೋಕೇಶ ಸಹಾಯ ಮಾಡಲೆಂದು ತೋಟದ ನೀಲಿ ಡ್ರಮ್ಮುಗಳಲ್ಲಿ ನೀರು ತುಂಬಿಸಿ ತಂದ. ಅವು ಗಿಡಗಳಿಗೆ ಔಷಧಿ ಹೊಡೆಯುವ ಡ್ರಮ್ಮುಗಳು. ಅದನ್ನೂ ವಾಪಸ್ ಕಳಿಸಿದೆ. ಪಾಪ, ಹುಡುಗನಿಗೆ ಅಳು ಬರುವುದೊಂದು ಬಾಕಿ. ತೀರ್ಥಕ್ಕೆ ಏನು ಮಾಡುವುದೆಂದು ಪೂಜೆಯವರು ಕೇಳಿದಾಗ ಗಂಗಮ್ಮ ಎಳನೀರು ಕೆತ್ತಿಸಿದರು.

ಊಟ ಹನ್ನೆರಡಕ್ಕೆ ಆಗಬೇಕಾದದ್ದು ನಾಲ್ಕಾಯಿತು. ಅಷ್ಟೂ ಹೊತ್ತು ಜನ ನನ್ನನ್ನು ಬೈದರು. ಹಸಿದವರು, ಬೈಯಲಿ. ಒಬ್ಬರು ನಮ್ಮ ತಾಯಿಯ ಹೆಸರನ್ನೂ ಎತ್ತಿದರು. ಒಬ್ಬರೂ ಬಂದು ಒಳ್ಳೆಯ ಕೆಲಸ ಮಾಡಿದಿರಿ ಎನ್ನಲಿಲ್ಲ, ಅದನ್ನು ಇಲ್ಲಿ ಸೇರಿಸಿ ನನ್ನ ಕಥೆಯನ್ನು ಚಂದ ಮಾಡುವುದಿಲ್ಲ. ಕಡೆಯ ಪಂಕ್ತಿಯಲ್ಲಿ ನಾನು ಎಲೆಯ ಮುಂದೆ ಕೂತಾಗ ಎದುರು ಸಾಲಿನಲ್ಲಿ ಮುನಿಯಮ್ಮ ಕೂತಿದ್ದಳು. ನೀರು ಬಡಿಸುವವನು ಬಂದಾಗ ಅವಳು ತನ್ನ ಬಾಟಲಿಯನ್ನು ಮಡಿಲಿನ ಪಕ್ಕಕ್ಕೆ ಸರಿಸಿ ಲೋಟ ಮುಂದಿಟ್ಟಳು. ಕುಡಿಯುವ ಮುಂಚೆ ನನ್ನ ಕಡೆ ನೋಡಿದಳು. ನಾನು ನನ್ನ ಲೋಟ ಎತ್ತಿ ಪೂರ್ತಿ ಕುಡಿದೆ. ಆಮೇಲೆ ಅವಳೂ ಕುಡಿದಳು.

ಮುಂದಿನ ಒಂದು ವಾರ ನಾನು ಕೇಂದ್ರದ ಬಾಗಿಲು ನೋಡುತ್ತಾ ಕೂತೆ. ವಾಂತಿಭೇದಿಯೆಂದು ಆ ಹದಿನೆಂಟು ಊರಿನಿಂದ ಮೂವರು ಬಂದರು, ಮೂವರೂ ಅದೇ ದಿನ ಮನೆಗೆ ಹೋದರು. ಬಂದದ್ದು ನೋಟಿಸು. ಅಧಿಕಾರ ವ್ಯಾಪ್ತಿ ಮೀರಿ ಸಾರ್ವಜನಿಕ ಬಾವಿಗೆ ಬೀಗ ಹಾಕಿ ಧಾರ್ಮಿಕ ಕಾರ್ಯಕ್ಕೆ ಅಡ್ಡಿಪಡಿಸಿದ ಬಗ್ಗೆ ವಿವರಣೆ ಕೊಡಿ ಎಂದಿತ್ತು. ದೂರು ಕೊಟ್ಟವರು ವಿಶ್ವನಾಥಪ್ಪನವರು. ಗೆಳೆಯರು ಕ್ಷಮಾಪಣೆ ಬರೆದು ಮುಗಿಸು, ನಿವೃತ್ತಿ ಹತ್ತಿರವಿದೆ ಎಂದರು. ನಾನು ಒಂದು ಹಾಳೆಯಲ್ಲಿ ಆರು ಸಾಲು ಬರೆದೆ. ಬಟ್ಟಲು ಒಂದು, ಬಣ್ಣವಿಲ್ಲ. ಬಟ್ಟಲು ಎರಡು, ಬಣ್ಣವಿಲ್ಲ. ಹೀಗೆ ಆರರವರೆಗೆ. ಕೆಳಗೆ, ‘ಇಂಥ ನೀರು ಮತ್ತೆ ಕಂಡರೆ ಮತ್ತೆ ಬೀಗ ಹಾಕುತ್ತೇನೆ’ ಎಂದು ಸೇರಿಸಿದೆ. ಆ ಕೊನೆಯ ಸಾಲು ಇಲ್ಲದಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ವಾಗ್ದಂಡನೆ ಎಂದು ಸೇವಾ ಪುಸ್ತಕದಲ್ಲಿ ನಮೂದಾಯಿತು, ಅಂದರೆ ಬರವಣಿಗೆಯಲ್ಲಿ ಬೈಗುಳ. ಓದಿ ಸಹಿ ಹಾಕಿ ಕೊಟ್ಟೆ.

ವಿಶ್ವನಾಥಪ್ಪನವರು ದೂರನ್ನು ಹಿಂತೆಗೆದುಕೊಳ್ಳಲಿಲ್ಲ. ಆದರೆ ಮುಂದಿನ ಬೇಸಿಗೆಯಲ್ಲಿ ಹಳ್ಳದ ಪೈಪನ್ನು ಸಿಮೆಂಟ್ ಹಾಕಿ ಮುಚ್ಚಿಸಿದರು, ಪಲ್ಪರಿಗೆ ಇನ್ನೆರಡು ಗುಂಡಿ ತೋಡಿಸಿದರು. ನನಗೆ ಹೇಳಲಿಲ್ಲ, ಲೋಕೇಶ ಹೇಳಿದ. ಅವರ ಮೇಲೆ ನನಗಿದ್ದ ಸಿಟ್ಟು ಆ ಗುಂಡಿಗಳನ್ನು ನೋಡಿ ಬಂದ ದಿನ ಅರ್ಧ ಇಳಿಯಿತು. ಉಳಿದರ್ಧ ಇಟ್ಟುಕೊಂಡಿದ್ದೇನೆ.

2025ರ ಕೂಡುಪೂಜೆಗೆ ನಿವೃತ್ತನಾಗಿ, ಯಾವ ಡ್ಯೂಟಿಯೂ ಇಲ್ಲದೆ ಹೋದೆ. ಕುಶಾಲನಗರದ ನಮ್ಮ ಮನೆಯಿಂದ ಒಂದು ಸೇರು ಅಕ್ಕಿ, ಒಂದು ಸಣ್ಣ ಕೊಡ ನೀರು. ಬೀಗ ಹಾಕಿದ ವರ್ಷದಿಂದ ಮನೆಗೊಂದು ಕೊಡದ ಪದ್ಧತಿ ಮತ್ತೆ ಶುರುವಾಗಿದೆ. ಬಾವಿಯ ನೀರೂ ಬೇಯುತ್ತದೆ, ಮನೆಯ ನೀರೂ ಬೇಯುತ್ತದೆ. ಬಸ್ಸಿನಲ್ಲಿ ಕೊಡ ತುಳುಕಿ ಪಕ್ಕದವರ ಸೀರೆ ಒದ್ದೆಯಾಗಿ ಬೈಸಿಕೊಂಡೆ. ಬಾವಿಕಟ್ಟೆಯ ಮೇಲೆ ಹೊಸ ನಿರೀಕ್ಷಕರು ಅದೇ ಪೆಟ್ಟಿಗೆ ಬಿಚ್ಚಿ ಕೂತಿದ್ದರು. ಎರಡನೆಯ ಬಟ್ಟಲೇ ಗಾಢ ನೀಲಿ. ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ, ಹಿಂದೆ ಸರಿದು ನಿಲ್ಲಿ ಎಂದರು. ಸರಿದು ನಿಂತೆ.

ಹಿಂದಿರುಗುವಾಗ ನಮ್ಮ ಹಳೆಯ ಕೇಂದ್ರಕ್ಕೆ ಹೋಗಿ 2019ರ ವಹಿ ತೆಗೆಸಿ ನೋಡಿದೆ. ನನ್ನ ಸಾಲು ಅಲ್ಲೇ ಇದೆ, ಶಾಯಿ ಸ್ವಲ್ಪವೂ ಮಾಸಿಲ್ಲ. ವಾಗ್ದಂಡನೆ ನನ್ನನ್ನು ಒಂದು ರಾತ್ರಿಯೂ ಎಚ್ಚರವಿರಿಸಲಿಲ್ಲ, ಈ ಸಾಲು ಎಷ್ಟೋ ರಾತ್ರಿ ಎಚ್ಚರವಿರಿಸಿದೆ. ನೌಕರಿ ನನಗೆ ಕಲಿಸಿದ್ದು ಇದನ್ನೇ. ಮೇಲಿನವರು ನಮ್ಮ ಬಗ್ಗೆ ಬರೆದದ್ದನ್ನು ಹೇಗೋ ಹೊತ್ತುಕೊಂಡು ನಡೆಯಬಹುದು, ನಾವೇ ಬರೆದ ಸುಳ್ಳಿನ ಹೊರೆ ಬೇರೆಯವರ ಬೆನ್ನಿಗೆ ಹೋಗುತ್ತದೆ. ಕೆಟ್ಟ ನೀರಿನ ಕಾಯಿಲೆಯನ್ನು ಊಟದ ತಪ್ಪೆಂದು ಬರೆದ ನನ್ನ ಸುಳ್ಳನ್ನು ಮುನಿಯಮ್ಮ ಹೊತ್ತಿದ್ದಾಳೆ, ಈಗಲೂ ಹೊರುತ್ತಿದ್ದಾಳೆ. ಸರ್ಕಾರಿ ವಹಿಯಲ್ಲಿ ಹಳೆಯ ನಮೂದನ್ನು ತಿದ್ದುವುದು ಅಪರಾಧ, ಅದನ್ನು ಮಾಡಲಾರೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. 2019ರ ಕೂಡುಪೂಜೆಯ ನೀರನ್ನು ಜನ ಕಾಯಿಲೆ ಬಿದ್ದ ಮೇಲೆ ನಾನು ಪರೀಕ್ಷೆ ಮಾಡಲಿಲ್ಲ. ಅದು ಕುಡಿಯಲು ಯೋಗ್ಯವಾಗಿರಲಿಲ್ಲ. ಸಹಿ ನನ್ನದೇ.